ಮಕ್ಕಳ ಬೆನ್ನ ಮ್ಯಾಲಿನ ಹೆಸರು ತಗಸಬ್ಯಾಡ್ರಿ

ಕೊಪ್ಪಳ ಜಿಲ್ಲೆದ ಎಲ್ಲಾ ಹಿರಿಯರಿಗೆ, ತಾಯಿ-ತಂದಿಗಳಿಗೆ, ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕ್ರೀಡಾ ಇಲಾಖೆ ಮತ್ತ ಆರೋಗ್ಯ ಇಲಾಖೆ ಸಾಹೇಬ್ರಿಗೆ ನಮಸ್ಕಾರ.

ಈ ಪತ್ರ ಬರಿಯಾಕ ಕಾರಣ ನಮ್ಮ ಗ್ರೌಂಡಿನ ಹುಡುಗ್ರು. ಕ್ಯಾನ್ಸರ್ ಆದ ತಮ್ಮವ್ರ ಹೆಸರು ಬೆನ್ನಿಗೆ ಬರಕೊಂಡು ರೊಕ್ಕ ಕೂಡಸಾಕ ಓಡಿದ್ರು, ಆ ಹೆಸರು ತಗಸ್ರಿ ಅಂತ ಕೆಲವ್ರು ಅಂದಾರ. ನಾನು ಒಂದು ಕಾಲಕ್ಕ ಖೋ ಖೋ ಆಡಿದಾಂವ, ಈಗ ಮುಂಜಾನೆ ಸಂಜಿ ಮಕ್ಕಳಿಗೆ ಓಟ, ಖೋ ಖೋ ಹೇಳಿಕೊಡ್ತೀನಿ. ಪೊಲೀಸ್ ಭರ್ತಿ, ಅಗ್ನಿವೀರ್ ಅಂತ 1600 ಮೀಟರ್ ಪ್ರಾಕ್ಟೀಸಿಗೆ ಬರೋ ದೊಡ್ಡ ಹುಡುಗ್ರು ಅದಾರ, ಹೈಸ್ಕೂಲ್ ಹುಡುಗ್ಯಾರು ಅದಾರ, ಹೊಲದ ಕೆಲಸ ಮುಗಿಸಿ ಓಡಾಕ ಬರಾವ್ರೂ ಅದಾರ. ಇವ್ರಾಗ ಒಬ್ಬ ಹುಡುಗ ಒಮ್ಮಿಂದೊಮ್ಮೆಲೆ ಪ್ರಾಕ್ಟೀಸಿಗೆ ಬರೋದು ಬಿಟ್ಟ, ಯಾಕಂತ ಕೇಳಿದ್ರ ಅವ್ವನ ಕರ್ಕೊಂಡು ಬೆಂಗಳೂರಿಗೆ ಹೋಗ್ಯಾನ್ರಿ ಸರ್, ಕ್ಯಾನ್ಸರ್ ಅಂತ, ಅಂದ್ರು. ಅವತ್ತು ಸಂಜಿ ಎಲ್ಲಾರೂ ಕುಂತಾಗ ಒಬ್ಬೊಬ್ಬರ ತಮ್ಮ ತಮ್ಮ ಮನಿ ಸುದ್ದಿ ಹೇಳಾಕ ಹತ್ತಿದ್ರು ನೋಡ್ರಿ, ಒಬ್ಬಂದು ಮುತ್ಯಾ, ಒಬ್ಬಾಕಿದು ದೊಡ್ಡವ್ವ, ಒಬ್ಬಂದು ಮಾಮಾ. ದಿನಾ ಕೂಡಿ ಓಡಾವ್ರು, ಆದ್ರ ಅವತ್ತಿನ ಮಟ ಒಬ್ಬರ ಮನಿದು ಇನ್ನೊಬ್ಬರಿಗೆ ಗೊತ್ತಿರ್ಲಿಲ್ಲ.

ಆಮ್ಯಾಲ ಆ ಹುಡುಗ್ರು ತಾವ ಕೂಡಿ ಒಂದು ವಿಚಾರ ಮಾಡಿದ್ರು. ಒಂದು ರವಿವಾರ ಗ್ರೌಂಡಿನ್ಯಾಗ ಓಡೋದು, ಯಾರು ಎಷ್ಟು ಸುತ್ತು ಓಡ್ತಾರ ಅಷ್ಟು ಸುತ್ತಿಗೆ ಇಷ್ಟಿಷ್ಟು ಅಂತ ರೊಕ್ಕ ಕೊಡ್ರಿ ಅಂತ ಮೊದ್ಲ ಅಂಗಡಿ ಅಂಗಡಿಗೆ ಹೋಗಿ ಬರಸ್ಕೊಂಡು ಬರೋದು, ಬಂದ ರೊಕ್ಕ ಟ್ರೀಟ್‌ಮೆಂಟಿಗೆ ಹೋಗೋ ಮನಿಗಳಿಗೆ ದಾರಿ ಖರ್ಚಿಗೆ, ಊಟಕ್ಕ, ರೂಮಿಗೆ ಕೊಡೋದು. ನೋಟ್‌ಬುಕ್ ಹಿಡ್ಕೊಂಡು ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಟೇಲರ್, ಮೊಬೈಲ್ ಶಾಪ್ ಎಲ್ಲಾ ಕಡಿ ತಿರುಗಾಡಿದ್ರು. ಸುತ್ತಿಗೆ ಎರಡು ರೂಪಾಯಿ ಅಂದವ್ರೂ ಇದ್ರು, ಹತ್ತು ರೂಪಾಯಿ ಬರ್ಕೋ ಅಂದವ್ರೂ ಇದ್ರು, ಒಬ್ಬ ಚಾ ಅಂಗಡಿ ಅಣ್ಣ ರೊಕ್ಕ ಆಗಂಗಿಲ್ಲಪಾ, ಅವತ್ತು ಎಲ್ಲಾರಿಗೂ ನಿಂಬೆಹಣ್ಣಿನ ಪಾನಕ ನಾ ತರ್ತೀನಿ ಅಂದ, ತಂದ.

ಬಿಬ್ ಅಂದ್ರ ಓಡಾವ್ರು ಅಂಗಿ ಮ್ಯಾಲ ಹಚ್ಕೊಳ್ಳೋ ನಂಬರಿನ ಬಟ್ಟಿ, ಅದನ್ನ ಹೊಲಸಾಕ ರೊಕ್ಕ ಎಲ್ಲಿಂದ ಬರಬೇಕು. ಹಳಿ ಫ್ಲೆಕ್ಸ್ ಬ್ಯಾನರ್ ತಂದು ಕತ್ತರಿಸಿದ್ರು, ಅದರ ಹಿಂದಿನ ಕಡಿ ಬೆಳ್ಳಗ ಇರ್ತೈತಲ್ರಿ, ಅದರ ಮ್ಯಾಲ ಮಾರ್ಕರ್ ಪೆನ್ನಿಲೆ ಎದಿಗೆ ನಂಬರು, ಬೆನ್ನಿಗೆ ತಾವು ಯಾರ ಸಲುವಾಗಿ ಓಡ್ತೀವಿ ಅವ್ರ ಹೆಸರು ಬರದು ನಾಕು ಮೂಲಿಗೆ ಪಿನ್ನು ಚುಚ್ಚಿಕೊಂಡ್ರು. ಕೆಲವ್ರು ಹೆಸರ ಬರದಿದ್ರು, ಕೆಲವ್ರು ಬರೇ "ನಮ್ಮ ಅವ್ವ" "ಮುತ್ಯಾ" ಅಂತ. ಒಬ್ಬ ಹುಡುಗಿ "ದೊಡ್ಡವ್ವ ಆರಾಮ ಆಗ್ಯಾಳ" ಅಂತ ಬರದಿದ್ಲು, ಮೊದಲಿನ ಅಕ್ಷರ ದೊಡ್ಡೂ ಆಗಿ ಜಾಗ ಸಾಲದ "ಆಗ್ಯಾಳ" ಅನ್ನೋದು ಕೆಳಗ ಮೂಲ್ಯಾಗ ಸಣ್ಣದಾಗಿ ಕುಂತಿತ್ತು. ಸುಣ್ಣದ ಪುಡಿ ಹಾಕಿ ಟ್ರ್ಯಾಕ್ ಗುರುತು ಮಾಡಿದ್ವಿ, ಬಿಸಲು ಏರೋದ್ರೊಳಗ ಮುಗಸಬೇಕಂತ ಸೂರ್ಯ ಹುಟ್ಟೋ ಹೊತ್ತಿಗೆ ಶುರು ಮಾಡಿದ್ವಿ. ಕೆಲವು ಹುಡುಗ್ರು ಬರಿಗಾಲಿಲೆ ಓಡಿದ್ರು, ಬೂಟು ಇಲ್ಲದಕ್ಕ.

ತಕರಾರು ಬಂದಿದ್ದು ಈ ಹೆಸರಿನ ಸಲುವಾಗಿ. ಒಬ್ಬ ಹುಡುಗಿ ಕಾಕಾ ಗ್ರೌಂಡಿಗೆ ಬಂದ್ರು, ಸಿಟ್ಟಿಲೆ ಏನಲ್ಲ, ನನ್ನ ಬಾಜೂ ಕರದು ಮೆಲ್ಲಕ ಹೇಳಿದ್ರು, "ಸರ್ ಓಡ್ಲಿ, ಬ್ಯಾಡ ಅನ್ನಂಗಿಲ್ಲ, ಆದ್ರ ಬೆನ್ನಿಂದು ತಗಸ್ರಿ, ನಾಳೆ ಇಕಿನ್ನ ನೋಡಾಕ ಬರಾವ್ರು ಇವ್ರ ಮನಿತನದಾಗ ಆ ರೋಗ ಐತಿ ಅಂದ್ರ ನಾವೇನು ಹೇಳೋಣ." ಇನ್ನೊಂದು ಕಡಿ ಒಬ್ಬ ಹಿರಿಯರು ಶಾಲಿ ಮಕ್ಕಳ ಬೆನ್ನಿಗೆ ಇಂಥಾದ್ದು ಬರಸೋದು ಅಪಶಕುನ ಅಂದ್ರು. ಮುಂದಿನ ಸಲ ಇದೇ ಗ್ರೌಂಡ್ ಕೇಳಾಕ ಹೋದ್ರ ಒಂದು ಆಫೀಸಿನ್ಯಾಗ ಓಟ ಇಟ್ಕೋರಿ, ಹೆಸರು ಗಿಸರು ಬ್ಯಾಡ, ಸುಮ್ನ ಯಾಕ ಮಂದಿ ಬಾಯಿಗೆ ಬೀಳ್ತೀರಿ ಅಂತ ಹೇಳಿ ಕಳಿಸಿದ್ರು.

ನಾನು ಆ ಕಾಕಾನ ಮ್ಯಾಲ ಸಿಟ್ಟಾಗಿಲ್ಲ. ಹೆಣ್ಣುಮಗಳ ಲಗ್ನದ ಚಿಂತಿ ಇರೋ ಮನಿ ಅದು, ತಾಯಿ ಇಲ್ಲದ ಕೂಸು, ಆ ಮನುಷ್ಯ ಆಕಿನ್ನ ತನ್ನ ಮಗಳಂಗ ನೋಡ್ಕೊಂಡಾನ. ಆದ್ರ ಅವ್ರಿಗೂ, ಅವ್ರಂಗ ಅಂಜೋ ಎಲ್ಲಾರಿಗೂ ಕೈ ಮುಗದು ಒಂದು ಮಾತು ಹೇಳ್ತೀನಿ. ಕ್ಯಾನ್ಸರ್ ಮುಟ್ಟಿದ್ರ ಬರೋ ರೋಗ ಅಲ್ಲ, ಒಂದ ತಾಟಿನ್ಯಾಗ ಉಂಡ್ರ ಬರಂಗಿಲ್ಲ, ಆದ್ರೂ ಎಷ್ಟೋ ಮನ್ಯಾಗ ಇನ್ನೂ ಪೇಷಂಟಿನ ಲೋಟ ಬ್ಯಾರೆ ಇಡ್ತಾರ. ಇನ್ನ ಮನಿತನದ ಮಾತು, ಎಲ್ಲಾ ಕ್ಯಾನ್ಸರ್‌ದಾಗ ಹುಟ್ಟಿನಿಂದ ಬಂದ ಜೀನಿನ ದೋಷದಿಂದ ಆಗೋದು ನೂರಕ್ಕ 5ರಿಂದ 10 ಅಷ್ಟ, ಉಳಿದದ್ದು ತಂಬಾಕು, ವಯಸ್ಸು, ಸೋಂಕು, ಇನ್ನೂ ಬ್ಯಾರೆ ಬ್ಯಾರೆ ಕಾರಣಕ್ಕ ಬರ್ತೈತಿ. ಮತ್ತ ಆ 5ರಿಂದ 10ರೊಳಗಿನ ಮನಿ ಆದ್ರೂ, ಮುಚ್ಚಿಟ್ರ ಯಾರಿಗೆ ಲಾಭ ಹೇಳ್ರಿ? ನಮ್ಮ ತಾಯಿಗೆ ಸಣ್ಣ ವಯಸ್ಸಿನ್ಯಾಗ ಎದಿ ಗಡ್ಡಿ ಆಗಿತ್ತು ಅಂತ ಗೊತ್ತಿದ್ದ ಮಗಳು ಬೇಗ ಡಾಕ್ಟರ ಕಡಿ ಹೋಗಿ ತೋರಸ್ಕೊಂತಾಳ, ಗೊತ್ತಿಲ್ಲದಾಕಿ ಹೋಗಂಗಿಲ್ಲ.

ಮುಚ್ಚಿಡೋದು ನಮ್ಮ ಕಡಿ ಮನಿತನ ಉಳಸೋದಕ್ಕಿಂತ ಮಂದೀನ ಕಳೀತೈತಿ. ನಮ್ಮ ಟೀಮಿನ ಇನ್ನೊಬ್ಬ ಹುಡುಗನ ಮುತ್ಯಾಂದು ನಾ ಹತ್ತಿರದಿಂದ ನೋಡೀನಿ. ಎಲಿ ಅಡಕಿ ತಂಬಾಕ ಹಾಕೋ ಮನುಷ್ಯ, ಗಲ್ಲದ ಒಳಗ ಬೆಳ್ಳನ ಕಲಿ ಆಗಿತ್ತಂತ, ಖಾರ ತಿಂದ್ರ ಉರೀತಿತ್ತು, ಆಮ್ಯಾಲ ಬಾಯಿ ತೆರಿಯೋದು ಕಮ್ಮಿ ಆಕ್ಕೋತ ಬಂತು. ಮೂರು ಬೆರಳು ಒಂದರ ಮ್ಯಾಲ ಒಂದು ಇಟ್ಟು ಬಾಯಾಗ ಹಾಕಿದ್ರ ಹಿಡೀಬೇಕು, ಅದು ಸರಳ ಪರೀಕ್ಷೆ, ಯಾರು ಬೇಕಾದ್ರೂ ಮನ್ಯಾಗ ಮಾಡ್ಕೋಬಹುದು, ಇವ್ರಿಗೆ ಒಂದು ಬೆರಳೂ ಹೋಗ್ತಿರ್ಲಿಲ್ಲ. ರೊಟ್ಟಿ ಬಿಟ್ಟು ಎಷ್ಟೋ ದಿನ ಅಂಬಲಿ ಮ್ಯಾಲ ಇದ್ರು, ಮನ್ಯಾಗ ಹಲ್ಲು ನೋವು ಅಂತ ಹೇಳ್ಕೋತ ಬಂದ್ರು, ಊರಾಗೂ ಹಂಗ ಹೇಳಿದ್ರು. ಆಸ್ಪತ್ರಿಗೆ ಹೋಗೋ ಹೊತ್ತಿಗೆ ಕುತ್ತಿಗಿಗೆ ಗಂಟು ಇಳದಿದ್ವು. ನಮ್ಮ ದೇಶದಾಗ ಗಂಡಸರಿಗೆ ಎಲ್ಲಾಕ್ಕಿಂತ ಹೆಚ್ಚು ಬರೋದು ಬಾಯಿ ಕ್ಯಾನ್ಸರ್, ಹೆಂಗಸರಿಗೆ ಎದಿದು, ಎರಡೂ ಕಣ್ಣಿಗೆ ಕಾಣೋ ಕೈಗೆ ಸಿಗೋ ಜಾಗದಾಗ ಶುರು ಆಗಾವು, ಬೇಗ ತೋರಿಸಿದ್ರ ಜೀವ ಉಳಿಯೋ ರೋಗ. ತೋರಿಸಬೇಕಂದ್ರ ಮೊದ್ಲ ಅದರ ಬಗ್ಗೆ ಮನ್ಯಾಗ ಬಾಯಿ ಬಿಟ್ಟು ಮಾತಾಡಬೇಕಲ್ರಿ.

ಅದನ್ನ ಈ ಹುಡುಗ್ರು ಮಾಡಿದ್ರು. ಅವತ್ತು ಓಟ ನೋಡಾಕ ಬಂದ ಹೆಣ್ಣುಮಕ್ಕಳೊಳಗ ಒಬ್ರು, ಬೆನ್ನ ಮ್ಯಾಲಿಂದು ಓದ್ಕೋತ ನಿಂತಿದ್ದವ್ರು, ಆ "ದೊಡ್ಡವ್ವ ಆರಾಮ ಆಗ್ಯಾಳ" ಹುಡುಗಿನ್ನ ಹುಡಿಕ್ಕೊಂಡು ಬಂದು, ನಿಮ್ಮ ದೊಡ್ಡವ್ವಗ ಎಲ್ಲಿ ತೋರಿಸಿದ್ರಿ ತಂಗಿ, ನನಗೂ ಒಂದು ಗಂಟು ಐತಿ ಅಂತ ಕೇಳಿದ್ರು. ಒಂದು ಭಾಷಣದಿಂದ, ಒಂದು ಪಾಂಪ್ಲೆಟ್‌ನಿಂದ ಇದು ಆಗ್ತಿರ್ಲಿಲ್ಲ ಅನ್ನೋದು ನನ್ನ ಗಟ್ಟಿ ನಂಬಿಕಿ.

ಹೊರಗಿನ ಆಟಗಾರರು ಇದನ್ನ ಯಾವಾಗಿಂದಲೋ ಮಾಡ್ಕೋತ ಬಂದಾರ. ಕೆನಡಾದ ಟೆರ್ರಿ ಫಾಕ್ಸ್ ಅನ್ನೋ ಹುಡುಗಂದು ನಾನು ನಮ್ಮ ಮಕ್ಕಳಿಗೆ ಹೇಳ್ತಿರ್ತೀನಿ. 1977ರಾಗ ಎಲುಬಿನ ಕ್ಯಾನ್ಸರ್ ಅಂತ ಬಲಗಾಲು ಮೊಣಕಾಲ ಮ್ಯಾಲಿಂದ ತಗದ್ರು, ಆಗ ಅವನಿಗೆ 18 ವರ್ಷ. ಆಸ್ಪತ್ರ್ಯಾಗ ತನ್ನ ಜೋಡಿ ಇದ್ದ ಸಣ್ಣ ಸಣ್ಣ ಮಕ್ಕಳ ಸಂಕಟ ನೋಡಿದಾಂವ, 1980ರ ಏಪ್ರಿಲ್‌ದಾಗ ಕೃತಕ ಕಾಲು ಕಟ್ಕೊಂಡು ದೇಶದ ಒಂದು ತುದಿಯಿಂದ ಓಡಾಕ ಶುರು ಮಾಡಿದ, ದಿನಾ ಹತ್ತಿರ ಹತ್ತಿರ ಒಂದು ಮ್ಯಾರಥಾನ್ ಅಂದ್ರ 42 ಕಿಲೋಮೀಟರ್. 143 ದಿನ, 5373 ಕಿಲೋಮೀಟರ್ ಓಡಿದ ಮ್ಯಾಲ ಕ್ಯಾನ್ಸರ್ ಪುಪ್ಪುಸಕ್ಕ ಬಂತು, ನಿಲ್ಲಸಬೇಕಾತು, 1981ರ ಜೂನ್‌ದಾಗ ತೀರಿಕೊಂಡ. ಆದ್ರ ಕೆನಡಾದ ಒಬ್ಬೊಬ್ಬರು ಒಂದೊಂದು ಡಾಲರ್ ಕೊಟ್ರ ಸಾಕು ಅಂತ ಅವಾ ಕೇಳಿದ್ದ, ಅವಾ ಜೀವಂತ ಇರುವಾಗ್ಲೆ ಅಷ್ಟೂ ಕೂಡಿತು, 2 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚು. ಅವನ ಹೆಸರಿಲೆ ಇವತ್ತಿಗೂ ವರ್ಷಾ ಓಟ ನಡೀತೈತಿ, ಅದ್ರಾಗ ಫಸ್ಟ್ ಸೆಕೆಂಡ್ ಅಂತ ಇಲ್ಲ, ಗೆದ್ದವ್ರಿಲ್ಲ ಸೋತವ್ರಿಲ್ಲ. ನಮ್ಮ ಹುಡುಗ್ರೂ ಅದನ್ನ ಕೇಳಿ ಕಪ್, ಮೆಡಲ್ ಏನೂ ಬ್ಯಾಡ ಅಂದ್ರು.

ಇನ್ನ ಕ್ರಿಕೆಟ್ ನೋಡೋರಿಗೆ ಆಸ್ಟ್ರೇಲಿಯಾದ ಬೌಲರ್ ಗ್ಲೆನ್ ಮೆಕ್‌ಗ್ರಾ ಗೊತ್ತು. ಅವ್ರ ಹೆಂಡ್ತಿ ಜೇನ್‌ಗೆ ಎದಿ ಕ್ಯಾನ್ಸರ್ ಆಗಿತ್ತು, 2008ರಾಗ ತೀರಿಕೊಂಡ್ರು. 2009ರಿಂದ ಸಿಡ್ನಿಯೊಳಗ ಹೊಸ ವರ್ಷದ ಟೆಸ್ಟ್ ನಡಿಯೋವಾಗ ಮೂರನೇ ದಿನಕ್ಕ ಜೇನ್ ಮೆಕ್‌ಗ್ರಾ ದಿನ ಅಂತ ಹೆಸರಿಟ್ಟಾರ, ಇಡೀ ಸ್ಟೇಡಿಯಂ ಗುಲಾಬಿ ಬಣ್ಣದ್ದು ಹಾಕ್ಕೊಂಡು ಬರ್ತೈತಿ. ಕೂಡಿದ ರೊಕ್ಕದಿಂದ ಕ್ಯಾನ್ಸರ್ ಪೇಷಂಟ್‌ಗಳ ಜೋಡಿ ಇರಾಕ ನರ್ಸ್‌ಗಳನ್ನ ಇಟ್ಟಾರ. ನಮ್ಮ ಯುವರಾಜ್ ಸಿಂಗ್ 2011ರ ವರ್ಲ್ಡ್ ಕಪ್ಪಿನ್ಯಾಗ ಮ್ಯಾನ್ ಆಫ್ ದಿ ಟೂರ್ನಮೆಂಟ್ ಆದ್ರು, ಆಮ್ಯಾಲ ಕ್ಯಾನ್ಸರ್ ಅಂತ ಗೊತ್ತಾತು, ಮುಚ್ಚಿಡ್ಲಿಲ್ಲ, ಕೀಮೋ ಅಂದ್ರ ಕ್ಯಾನ್ಸರಿನ ಔಷಧ ತಗೊಂಡ ಬೋಳು ತಲಿ ಫೋಟೋ ಎಲ್ಲಾರೂ ನೋಡೀವಿ, 2012ರಾಗ ತಿರುಗಿ ಇಂಡಿಯಾ ಟೀಮಿಗೆ ಆಡಿದ್ರು. ಅಂಥವ್ರ ಹೆಸರು ಟಿವಿಯಾಗ ಬಂದ್ರ ನಾವು ಚಪ್ಪಾಳಿ ಹೊಡಿತೀವಿ, ನಮ್ಮ ಮನಿ ಹುಡುಗಿ ತನ್ನ ಅವ್ವನ ಹೆಸರು ಬೆನ್ನಿಗೆ ಹಚ್ಕೊಂಡ್ರ ತಗಿ ಅಂತೀವಿ, ಇದು ನನಗ ಒಪ್ಪಂಗಿಲ್ಲ.

ಒಂದು ಮಾತು ಮಾತ್ರ ನಾನೂ ಗಟ್ಟಿ ಹಿಡದೀನಿ. ರೋಗ ಇದ್ದವ್ರು ಇನ್ನೂ ಬದುಕಿದ್ರ ಅವ್ರನ್ನ ಕೇಳದ ಹೆಸರು ಬರಿಯಂಗಿಲ್ಲ. ಅವ್ರು ಬ್ಯಾಡ ಅಂದ್ರ ಮುಗೀತು, ಬರೇ ಅವ್ವ, ಅಣ್ಣ ಅಂತ ಬರದ್ರೂ ಸಾಕು, ಅದೂ ಬ್ಯಾಡಂದ್ರ ಖಾಲಿ ಬಿಬ್ ಹಾಕ್ಕೊಂಡು ಓಡ್ಲಿ. ಪೇಷಂಟ್ ಫೋಟೋ ಫ್ಲೆಕ್ಸಿಗೆ ಹಾಕಿ ರೊಕ್ಕ ಎತ್ತೋದು ನಮ್ಮಲ್ಲಿ ಇಲ್ಲ. ಹಂಗ ಸ್ಟೇಜಿಗೆ ಕರದು ತಾಯಿ ಕಳಕೊಂಡ ಕೂಸಿನ ಕೈಯಾಗ ಮೈಕ್ ಕೊಟ್ಟು ಎರಡು ಮಾತು ಹೇಳು ಅಂತ ಅಳಸೋದೂ ಬ್ಯಾಡ್ರಿ, ಗೆಸ್ಟ್ ಆಗಿ ಬರೋ ದೊಡ್ಡವ್ರಿಗೆ ಇದನ್ನ ಈಗಲೇ ಕೇಳ್ಕೊಂತೀನಿ. ಆ ಕೂಸು ಓಡಿ ತನ್ನ ಮಾತು ಹೇಳಿರ್ತೈತಿ.

ಇನ್ನ ರೊಕ್ಕದ ವಿಷಯಕ್ಕ ಬರ್ತೀನಿ, ಯಾಕಂದ್ರ ಸರ್ಕಾರ ಟ್ರೀಟ್‌ಮೆಂಟ್ ಫ್ರೀ ಕೊಡ್ತೈತಲ್ಲ, ಮಕ್ಕಳು ಯಾಕ ಎತ್ತಬೇಕು ಅಂತ ಕೆಲವ್ರು ಕೇಳ್ಯಾರ, ಕೇಳೋದು ಸರಿ ಐತಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಬಿಪಿಎಲ್ ಕಾರ್ಡಿನ ಮನಿಗೆ ವರ್ಷಕ್ಕ 5 ಲಕ್ಷದ ಮಟ ಐತಿ, ಅದರಿಂದ ಎಷ್ಟೋ ಜೀವ ಉಳದಾವ, ಅದನ್ನ ಯಾರೂ ಅಲ್ಲಗಳಿಯಂಗಿಲ್ಲ. ಆದ್ರ ಟ್ರೀಟ್‌ಮೆಂಟ್ ಇರೋದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರ್ಯಾಗ, ಕಲಬುರಗಿ ಕಿದ್ವಾಯಿದಾಗ, ಹುಬ್ಬಳ್ಳಿಯೊಳಗ. ರೇಡಿಯೇಶನ್ ಅಂದ್ರ ಕರೆಂಟ್ ಕೊಡೋದು ಅಂತಾರಲ್ಲ ನಮ್ಮ ಕಡಿ, ಅದು ಮಷೀನಿನ ಮುಂದ ಕೆಲವು ನಿಮಿಷದ ಕೆಲಸ, ಆದ್ರ ವಾರಕ್ಕ ಐದು ದಿನದಂಗ ಭಾಳ ಸಲ ಐದಾರು ವಾರ ಕೊಡ್ತಾರ. ದಿನಾ ಕೊಪ್ಪಳದಿಂದ ಬೆಂಗಳೂರಿಗೆ ಹೋಗಿ ಬರಾಕ ಆಗ್ತೈತೇನ್ರಿ? ಅಲ್ಲೇ ಇರಬೇಕು, ಧರ್ಮಶಾಲ್ಯಾಗ ಜಾಗ ಸಿಕ್ರ ಪುಣ್ಯ, ಇಲ್ಲಂದ್ರ ರೂಮು, ಜೋಡಿ ಒಬ್ಬರು ಇರಬೇಕು, ಅವ್ರ ಕೂಲಿ ಹೋತು, ಮನ್ಯಾಗ ಉಳದ ಮಕ್ಕಳನ್ನ ನೋಡಾವ್ರು ಬೇಕು, ಎಮ್ಮಿ ಮಾರ್ತಾರ, ಬಂಗಾರ ಒತ್ತಿ ಇಡ್ತಾರ. ಇದಕ್ಕ ಯಾವ ಕಾರ್ಡಿನ್ಯಾಗೂ ರೊಕ್ಕ ಇಲ್ಲ. ಟ್ರೀಟ್‌ಮೆಂಟ್ ಅರ್ಧಕ್ಕ ಬಿಟ್ಟು ಬರಾವ್ರು ಭಾಳ ಮಂದಿ ಇದರ ಸಲುವಾಗಿನ ಬರ್ತಾರ. ನಮ್ಮ ಮಕ್ಕಳು ಓಡಿ ತಂದ ರೊಕ್ಕ ದೊಡ್ಡದೇನಲ್ಲ, ಆದ್ರ ಅದು ಹೋಗಿದ್ದು ಇಂಥಾ ಜಾಗಕ್ಕ, ಅದರಿಂದ ಒಂದು ಮನಿ ತಾಯಿ ರೇಡಿಯೇಶನ್ ಪೂರಾ ಮುಗಿಸಿ ಬಂದಾಳ.

ಈ ನಡುವೆ ಓದೋರಿಗೆ ಉಪಯೋಗ ಆಗ್ಲಿ ಅಂತ ಒಂದು ವಿಷಯ ಹೇಳಿಬಿಡ್ತೀನಿ. ಕ್ಯಾನ್ಸರ್ ಪೇಷಂಟ್ ಟ್ರೀಟ್‌ಮೆಂಟಿಗೆ ರೈಲಿನ್ಯಾಗ ಹೋದ್ರ ಸ್ಲೀಪರ್ ಮತ್ತ ಥರ್ಡ್ ಎಸಿಯಾಗ ಅವ್ರ ಟಿಕೆಟ್ ಪೂರಾ ಮಾಫಿ, ಜೋಡಿ ಹೋಗಾವ್ರಿಗೆ ನೂರಕ್ಕ 75 ಮಾಫಿ. ಆಸ್ಪತ್ರಿಯಿಂದ ಕನ್ಸೆಶನ್ ಫಾರಂ ತುಂಬಿಸಿ ಡಾಕ್ಟರ್ ಸಹಿ, ಸಿಕ್ಕಾ ಹಾಕಿಸಿ ಸ್ಟೇಷನ್ ಕೌಂಟರಿನ್ಯಾಗ ಕೊಟ್ಟು ತಗೋಬೇಕು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿಗೆ ಪೂರ್ತಿ ರೊಕ್ಕ ಕೊಟ್ಟು, ಇಲ್ಲಂದ್ರ ಜನರಲ್ ಬೋಗ್ಯಾಗ ನಿಂತು ಹೋಗೋ ಪೇಷಂಟ್‌ಗಳನ್ನ ನಾ ನೋಡೀನಿ, ಯಾರೂ ಅವ್ರಿಗೆ ಹೇಳಿಲ್ಲ. ಇದನ್ನ ಒಂದು ಹಾಳಿಮ್ಯಾಲ ಬರದು ಜೆರಾಕ್ಸ್ ಮಾಡಿಸಿ ನಮ್ಮ ಹುಡುಗ್ರು ಹಂಚ್ಯಾರ, ನೀವೂ ಗೊತ್ತಿದ್ದವ್ರಿಗೆ ಹೇಳ್ರಿ.

ಜಿಲ್ಲಾಧಿಕಾರಿ ಸಾಹೇಬ್ರ, ನಿಮ್ಮ ಕಡಿಯಿಂದ ನಮಗ ಬೇಕಾಗಿರೋದು ಹೇಳ್ತೀನಿ. ರೊಕ್ಕ ಹಾಕಾಕ ಒಂದು ಸರಿಯಾದ ಜಾಗ ಮಾಡಿ ಕೊಡ್ರಿ. ಈಗ ಯಾರರ ಒಬ್ಬರ ಫೋನ್‌ಪೇ ನಂಬರಿಗೆ ಹಾಕ್ರಿ ಅನ್ನಬೇಕಾಗ್ತೈತಿ, ಮಂದಿ ಯಾರ ಅಕೌಂಟಿದು ಅಂತ ಕೇಳ್ತಾರ, ಕೇಳಲೇಬೇಕು, ಮಕ್ಕಳ ಬೆವರಿನ ರೊಕ್ಕ ಅದು. ಸರ್ಕಾರಿ ಆಸ್ಪತ್ರಿಗೆ ಆರೋಗ್ಯ ರಕ್ಷಾ ಸಮಿತಿ ಅಂತ ಇರ್ತೈತಿ, ದಾನ ತಗೋಳಾಕ ಬರ್ತೈತಿ, ಅದ್ರಾಗ ಕ್ಯಾನ್ಸರ್ ಪೇಷಂಟ್‌ಗಳ ದಾರಿ ಖರ್ಚಿಗೆ ಅಂತ ಒಂದು ಬ್ಯಾರೆ ಲೆಕ್ಕ ಇಡಸ್ರಿ, ಎರಡು ರೂಪಾಯಿ ಕೊಟ್ಟವ್ರಿಗೂ ರಸೀದಿ ಸಿಗ್ಲಿ, ಯಾರಿಗೆ ಎಷ್ಟು ಹೋತು ಅನ್ನೋದು ಹೆಸರು ಹಾಕದ ನೋಟಿಸ್ ಬೋರ್ಡಿಗೆ ಹಚ್ಚಲಿ. ಶಾಲಿ ಮಕ್ಕಳೂ ಬಂದು ಓದ್ಲಿ, ತಾವು ಓಡಿದ್ದು ಎಲ್ಲಿಗೆ ಮುಟ್ಟಿತು ಅಂತ.

ಓಟದ ದಿನ ಗ್ರೌಂಡಿನ್ಯಾಗ ಆರೋಗ್ಯ ಇಲಾಖೆ ಒಂದು ಟೇಬಲ್ ಹಾಕಲಿ. 30 ವರ್ಷ ಆದವ್ರಿಗೆಲ್ಲಾ ಬಾಯಿ, ಎದಿ, ಗರ್ಭಕಂಠದ ಕ್ಯಾನ್ಸರ್ ಸ್ಕ್ರೀನಿಂಗ್, ಅಂದ್ರ ರೋಗದ ಲಕ್ಷಣ ಐತೇನಂತ ಮೊದ್ಲ ನೋಡೋ ತಪಾಸಣಿ, ಮಾಡಬೇಕಂತ ಸರ್ಕಾರದ ಕಾರ್ಯಕ್ರಮನ ಐತಿ, ಉಪಕೇಂದ್ರಕ್ಕ ಬರ್ರಿ ಅಂದ್ರ ಮಂದಿ ಬರಂಗಿಲ್ಲ, ಮಕ್ಕಳ ಓಟ ನೋಡಾಕ ಬರ್ತಾರ. ಆಶಾ ಅಕ್ಕಂದ್ರು ಬಂದ್ರ ಇನ್ನೂ ಚಲೋ, ಹೆಣ್ಣುಮಕ್ಕಳು ಅವ್ರ ಮುಂದ ಮನಸ್ಸು ಬಿಚ್ತಾರ. ಬಾಯಿ ನೋಡಾಕ ಒಂದು ಟಾರ್ಚ್ ಸಾಕು, ಹೆಣ್ಣುಮಕ್ಕಳಿಗೆ ಒಂದು ಪರದೆ ಕಟ್ಟಿದ ರೂಮು ನಾವು ಶಾಲಿಯಿಂದ ಕೇಳಿ ಮಾಡಿಕೊಡ್ತೀವಿ.

2025ರ ಕೇಂದ್ರ ಬಜೆಟ್ಟಿನ್ಯಾಗ ಮೂರು ವರ್ಷದೊಳಗ ಎಲ್ಲಾ ಜಿಲ್ಲಾ ಆಸ್ಪತ್ರಿಯೊಳಗ ಡೇ ಕೇರ್ ಕ್ಯಾನ್ಸರ್ ಸೆಂಟರ್ ಮಾಡ್ತೀವಿ ಅಂದಾರ, ಮೊದಲನೇ ವರ್ಷಕ್ಕ 200. ಡೇ ಕೇರ್ ಅಂದ್ರ ದೊಡ್ಡ ಡಾಕ್ಟರ್ ಬರದು ಕೊಟ್ಟ ಕೀಮೋ ಇಲ್ಲೇ ಹಾಕಿಸ್ಕೊಂಡು ಸಂಜಿಗೆ ಮನಿಗೆ ಹೋಗೋದು, ಮೂರು ವಾರಕ್ಕೊಮ್ಮೆ ಬರೇ ಒಂದು ಡ್ರಿಪ್ಪಿನ ಸಲುವಾಗಿ ರಾತ್ರಿ ರೈಲು ಹತ್ತೋದು ತಪ್ತೈತಿ. ಕೊಪ್ಪಳದಾಗ ಇದು ಯಾವ ದಿನ, ಯಾವ ವಾರ್ಡಿನ್ಯಾಗ, ಯಾರನ್ನ ಭೇಟಿ ಆಗಬೇಕು ಅನ್ನೋದು ಕನ್ನಡದಾಗ ದೊಡ್ಡ ಬೋರ್ಡ್ ಬರಸ್ರಿ, ಹಳ್ಳಿ ಹಳ್ಳಿ ಪಂಚಾಯ್ತಿಗೆ ತಿಳಸ್ರಿ.

ಮತ್ತ ಕ್ರೀಡಾ ಇಲಾಖೆದವ್ರಿಗೆ, ಟೂರ್ನಮೆಂಟ್ ಇಡೋ ನಮ್ಮ ಯುವಕ ಮಂಡಳಿಯವ್ರಿಗೆ ಕೇಳೋದು, ಪಾನ್ ಮಸಾಲದ ಬ್ಯಾನರ್ ಗ್ರೌಂಡಿನ್ಯಾಗ ಕಟ್ಟಬ್ಯಾಡ್ರಿ, ಅವ್ರ ರೊಕ್ಕದಿಂದ ಕಪ್ ಕೊಡಬ್ಯಾಡ್ರಿ. ನಮ್ಮ ರಾಜ್ಯದಾಗ 2013ರಾಗ ಗುಟ್ಕಾ ಬ್ಯಾನ್ ಆತು, ಆಮ್ಯಾಲ ಮಸಾಲ ಒಂದು ಚೀಟಿ ತಂಬಾಕ ಒಂದು ಚೀಟಿ ಅಂತ ಬ್ಯಾರೆ ಬ್ಯಾರೆ ಮಾರಾಕ ಹತ್ತಿದ್ರು, ಎರಡೂ ಕೂಡಿಸಿ ಬಾಯಿಗೆ ಹಾಕೋದು ಹುಡುಗ್ರಿಗೆ ಯಾರೂ ಕಲಸಬೇಕಾಗಿಲ್ಲ. ಶಾಲಿ ಸುತ್ತ ನೂರು ಗಜದೊಳಗ ತಂಬಾಕು ಮಾರಬಾರದಂತ 2003ರ ಕಾಯ್ದೆ ಹೇಳ್ತೈತಿ, ನಮ್ಮ ಎಷ್ಟು ಶಾಲಿ ಗೇಟಿನ ಮುಂದ ಡಬ್ಬಿ ಅಂಗಡಿ ಅದಾವ ಒಮ್ಮೆ ಎಣಿಸ್ರಿ. ನಮ್ಮ ಓಟಕ್ಕ ಅಂಥಾ ರೊಕ್ಕ ಎಷ್ಟು ಕೊಟ್ರೂ ನಾವು ತಗೊಳಂಗಿಲ್ಲ, ಇದನ್ನ ಹುಡುಗ್ರ ಹೇಳ್ಯಾರ, ಆ ಮುತ್ಯಾನ ಮೊಮ್ಮಗ ಮೊದಲು ಹೇಳಿದ.

ಹಿರಿಯರಿಗೆ ಮತ್ತೊಮ್ಮೆ. ನಮ್ಮ ಗವಿಮಠದ ಜಾತ್ರಿಗೆ ಮುಂಚೆ ಒಂದು ಸಾಮಾಜಿಕ ವಿಷಯ ಹಿಡದು ಜಾಗೃತಿ ಜಾಥಾ ಹೊಂಡ್ತೈತಿ, ಶಾಲಿ ಕಾಲೇಜ್ ಮಕ್ಕಳು ಸಾವಿರಗಟ್ಲೆ ನಡೀತಾರ, ಊರಿಗೂರ ರೋಡಿನ ಬಾಜೂ ನಿಂತು ನೋಡ್ತೈತಿ. ಇಂಥಾ ಊರಾಗ ಮಕ್ಕಳು ತಮ್ಮವ್ರ ಹೆಸರು ಹೊತ್ತು ಓಡಿದ್ರ ಅಪಶಕುನ ಹೆಂಗ ಆಗ್ತೈತಿ ನನಗ ತಿಳಿಯಂಗಿಲ್ಲ. ಆ ಕಾಕಾನ ಜೋಡಿ ನಾನು ಮತ್ತ ಮಾತಾಡೀನಿ, ಅವ್ರು ಇನ್ನೂ ಹೂಂ ಅಂದಿಲ್ಲ, ಒಲ್ಲೆ ಅಂತನೂ ಅಂದಿಲ್ಲ, ಹುಡುಗಿ ಮಾತ್ರ ಆ ಬಿಬ್ ತನ್ನ ಪಾಟಿಚೀಲದಾಗ ಇಟ್ಕೊಂಡಾಳ.

ಫೆಬ್ರುವರಿ 4 ವಿಶ್ವ ಕ್ಯಾನ್ಸರ್ ದಿನ. ಅದಕ್ಕ ಹತ್ತಿರ ಬರೋ ರವಿವಾರ ಮುಂಜಾನೆ ಗ್ರೌಂಡ್ ಬೇಕಂತ ತಿರುಗಿ ಅರ್ಜಿ ಕೊಟ್ಟೀವಿ, ಹೆಸರು ಬರಿಯೋದೂ ಅರ್ಜಿಯಾಗ ಸ್ಪಷ್ಟ ಹಾಕೀವಿ. ಒಂದು ಆಂಬುಲೆನ್ಸ್, ಕುಡಿಯೋ ನೀರಿನ ಟ್ಯಾಂಕರ್, ಮ್ಯಾಲೆ ಹೇಳಿದ ಸ್ಕ್ರೀನಿಂಗ್ ಟೇಬಲ್, ಇಷ್ಟು ಸಾಕು. ಬರಾವ್ರು ಹಳಿ ಫ್ಲೆಕ್ಸ್ ಇದ್ರ ತರ್ರಿ, ಬಿಬ್‌ಗೆ ಬೇಕಾಗ್ತಾವ. ಮಕ್ಕಳ ಅಳತಿಗೆ ಹಳಿ ಬೂಟು ಇದ್ರೂ ತರ್ರಿ.

ಇಂತಿ ನಿಮ್ಮವ,
ಗ್ರೌಂಡಿನ ಮಾಸ್ತರ
ಕೊಪ್ಪಳ